ಮರಿಯವ್ವನ ರೊಟ್ಟಿ ಮತ್ತು ನಮ್ಮ ಸಿಲೋನ್ ಯಾತ್ರೆ

ಹೋದ ತಿಂಗಳು ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಮೂವರು ತರುಣರು ಬಂದಿದ್ದರು. ಸುವಾರ್ತೆಯ ಕೆಲಸಕ್ಕೆ ಹೊಸದಾಗಿ ಸೇರಿದವರು. ಇಸ್ತ್ರಿ ಮಾಡಿದ ಷರಟು, ಕೈಯಲ್ಲಿ ಹೊಸ ನೋಟ್‌ಬುಕ್ಕು. ಸಭೆಯವರು ಅವರನ್ನು ಮೂರು ವಾರದ ಮಟ್ಟಿಗೆ ಪರದೇಶಕ್ಕೆ ಕಳಿಸುತ್ತಾರಂತೆ. "ತಾತಾ, ನೀವು ಆ ಕಾಲದಾಗ ಸಿಲೋನಿಗೆ ಹೋಗಿ ಬಂದವರು. ಶಿಷ್ಯತ್ವದ ಬಗ್ಗೆ ಅಲ್ಲಿ ಏನೇನು ಪಾಠ ಕಲಿತ್ರಿ, ಬರದು ಕೊಡ್ರಿ" ಎಂದು ಕೇಳಿದರು. ಐದು ಅಂಶಗಳಿದ್ದರೆ ಸಾಕಂತೆ, ಹಲಗೆಯ ಮೇಲೆ ಬರೆಯಲು ಅನುಕೂಲವಾಗುತ್ತದಂತೆ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಅವರದೇನೂ ತಪ್ಪಿಲ್ಲ, ಪಾಪ. ಚಹಾ ಕುಡಿಸಿ ಕಳಿಸಿದೆ.

ಈಗ ಬರೆಯುತ್ತಿದ್ದೇನೆ. ಐದು ಅಂಶಗಳಿಲ್ಲ. ನಾನು ಕಲಿತದ್ದು ಒಂದೇ, ಅದನ್ನೂ ಕಲಿತ ಮೇಲೆ ಬಿಟ್ಟುಕೊಟ್ಟೆ. ಓದಿ ನಿಮಗೆ ಬೇಸರವಾದರೆ ಆಗಲಿ.

ಉಪದೇಶಿ ಎಂದರೆ ಯಾರು ಎಂದು ಈಗಿನವರಿಗೆ ಗೊತ್ತಿರಲಾರದು. ಪಾದ್ರಿಗಳು ಮೂರು ತಿಂಗಳಿಗೊಮ್ಮೆ ಹಳ್ಳಿಗೆ ಬಂದು, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನ ನಡೆಸಿ, ದೀಕ್ಷಾಸ್ನಾನ ಕೊಟ್ಟು ಬಳ್ಳಾರಿಗೆ ಹಿಂದಿರುಗುತ್ತಿದ್ದರು. ಉಳಿದ ಎಲ್ಲ ದಿನಗಳಲ್ಲಿ ಊರಿಂದೂರಿಗೆ ಸೈಕಲ್ ತುಳಿಯುವವನು, ಅಕ್ಷರ ಹೇಳಿಕೊಡುವವನು, ಗಂಡಹೆಂಡಿರ ಜಗಳ ಬಿಡಿಸುವವನು, ಸತ್ತವರನ್ನು ಹೂಳುವವನು ಉಪದೇಶಿ. ರೊಟ್ಟಿ ಮುರಿದು ಹಂಚುವ ಅಧಿಕಾರ ಅವನಿಗಿರಲಿಲ್ಲ. ಮೇಜು ಒರೆಸಿ, ಬಿಳಿ ಬಟ್ಟೆ ಹಾಸಿ, ತಟ್ಟೆ ಇಡುವುದಷ್ಟೇ ಅವನ ಕೆಲಸ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಆ ಮೇಜು ಒರೆಸಿದ್ದೇನೆ.

ನಾನು ಹುಟ್ಟಿದ್ದು ಕುರುಗೋಡಿನ ಶಿವಭಕ್ತರ ಮನೆತನದಲ್ಲಿ, ಹೆಸರು ಬಸಪ್ಪ. ಬಳ್ಳಾರಿಯ ಮಿಷನ್ ಹಾಸ್ಟೆಲಿನಲ್ಲಿ ಓದುವಾಗ ದೀಕ್ಷಾಸ್ನಾನ ತೆಗೆದುಕೊಂಡು ಪೌಲಪ್ಪನಾದೆ. ಮನೆಯ ಬಾಗಿಲು ಅಂದೇ ಮುಚ್ಚಿತು. ಎರಡನೆಯ ಮಹಾಯುದ್ಧ ನಡೆದಿದ್ದ ಕಾಲದಲ್ಲಿ ಉಪದೇಶಿಯಾಗಿ ಸೇರಿದಾಗ ನಮ್ಮ ದೊಡ್ಡ ಪಾದ್ರಿಗಳು ಮೊದಲ ಪ್ರಸಂಗಕ್ಕೆ ನನ್ನನ್ನು ಕುರುಗೋಡಿನ ಸಂತೆಗೇ ಕಳಿಸಿದರು. ಎಂಥ ತಲೆಯಿಲ್ಲದ ಕೆಲಸ ಅದು. ಹುರುಪಿನಲ್ಲಿ ಹೋದೆ. ಸಂತೆಯಲ್ಲಿ ನಿಂತು ಮಾತಾಡುತ್ತಿರುವಾಗ ಎದುರಿಗೆ ನಮ್ಮ ದೊಡ್ಡಪ್ಪ ಬಂದು ನಿಂತರು. ಬೈಯಲಿಲ್ಲ. ಕೊನೆಯವರೆಗೂ ಕೇಳಿದರು. ಆಮೇಲೆ, "ಬಸಪ್ಪ, ಬಿಸಿಲಾಗ ಬಾಳ ಹೊತ್ತು ನಿಂತಿ. ನೀರು ಕುಡೀತಿ ಏನು?" ಎಂದರು. ನನ್ನ ಕಣ್ಣು ತುಂಬಿ ಬಂತು. ಅವರು ಚೊಂಬನ್ನು ನನ್ನ ಕೈಗೆ ಕೊಡಲಿಲ್ಲ. ಬೊಗಸೆ ಒಡ್ಡಲು ಹೇಳಿ, ಮೊಳದೆತ್ತರದಿಂದ ನೀರು ಹೊಯ್ದರು. ಇಡೀ ಸಂತೆ ನೋಡುತ್ತಿತ್ತು. ಕುಡಿದೆ. ಬಳ್ಳಾರಿಯ ಬಸ್ಸು ಹತ್ತಿ ಕೂತಾಗ ಇನ್ನೂ ಮುಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಆ ಅವಮಾನ ನನಗೆ ಏನಾದರೂ ಕಲಿಸಿರಬೇಕು ಎಂದುಕೊಳ್ಳುತ್ತೀರಿ. ಏನೂ ಕಲಿಸಲಿಲ್ಲ.

ಆಮೇಲೆ ನನ್ನನ್ನು ಸಿರುಗುಪ್ಪಕ್ಕೆ ಹಾಕಿದರು. ಇರಲು ಮಿಷನ್ನಿನ ಎರಡು ಕೋಣೆಯ ಮನೆ, ಸುತ್ತಲಿನ ಹಳ್ಳಿಗಳು ನನ್ನ ಜವಾಬ್ದಾರಿ. ಅವುಗಳಲ್ಲಿ ದೇಶನೂರು ಒಂದು. ಕಾಲುವೆಯ ನೀರು, ಭತ್ತದ ಗದ್ದೆ, ಊರಿನ ಆಚೆ ಮಾದಿಗರ ಕೇರಿ. ನಮ್ಮ ಸಭೆಯವರೆಲ್ಲ ಆ ಕೇರಿಯವರೇ, ಪರರ ಗದ್ದೆಯಲ್ಲಿ ನಾಟಿ ಹಾಕಿ ಕಳೆ ಕೀಳುವವರು. ಹೋಗುವ ಮುನ್ನ ದೊಡ್ಡ ಪಾದ್ರಿಗಳು ನನ್ನನ್ನು ಕೂಡಿಸಿಕೊಂಡು ಕೆಲಸದ ಕ್ರಮ ಹೇಳಿದರು. ಅವರೂ ನನ್ನ ಹಾಗೆಯೇ ಮೇಲಿನ ಜಾತಿಯಿಂದ ಬಂದವರು, ತೆಲುಗು ಮನೆತನ, ಒಳ್ಳೆಯ ವಾಗ್ಮಿ.

"ಪೌಲಪ್ಪ, ಕೇರಿಯಾಗ ಅಕ್ಷರ ಕಲಿಸು, ಪ್ರಾರ್ಥನಿ ಮಾಡು. ಆದ್ರ ನೀರು ಕುಡೀಬ್ಯಾಡ, ಉಣ್ಣಬ್ಯಾಡ. ನೀನು ಅಲ್ಲಿ ಉಂಡಿ ಅಂತ ಗೊತ್ತಾದ್ರ ಊರಾಗಿನ ಗೌಡ್ರು ನಿನ್ನ ಮಾತು ಕೇಳಂಗಿಲ್ಲ. ಇದು ಜಾತಿ ಅಲ್ಲಪ್ಪ, ಕೆಲಸದ ಪದ್ಧತಿ."

ಪದ್ಧತಿ ಎಂಬ ಆ ಮಾತು ನನಗೆ ಎಷ್ಟು ಹಿತವಾಗಿತ್ತು ಎಂದರೆ ಮತ್ತೊಮ್ಮೆ ಯೋಚಿಸಲೇ ಇಲ್ಲ. ಮನೆಯಿಂದ ರೊಟ್ಟಿ, ಚಟ್ನಿಪುಡಿ, ಚೊಂಬಿನಲ್ಲಿ ನೀರು ಕಟ್ಟಿಕೊಂಡು ಹೋಗುತ್ತಿದ್ದೆ. ಕೇರಿಯ ಹೊರಗಿನ ಬೇವಿನ ಮರದ ಕೆಳಗೆ ಕೂತು ಉಣ್ಣುತ್ತಿದ್ದೆ. ಕೇರಿಯವರು ಯಾಕೆ ಎಂದು ಕೇಳಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟರು. ಹೊಸಬರು ಯಾರಾದರೂ ಊಟಕ್ಕೆ ಕರೆದರೆ ಅವರೇ ಮುಂದೆ ಬಂದು, "ಉಪದೇಶಪ್ಪಗ ಹೊಟ್ಟಿ ಸರಿ ಇರಂಗಿಲ್ರಿ, ಒತ್ತಾಯ ಮಾಡಬ್ಯಾಡ್ರಿ" ಎಂದು ನನ್ನ ಮಾನ ಕಾಯುತ್ತಿದ್ದರು. ನನಗೆ ಯಾವ ಹೊಟ್ಟೆನೋವೂ ಇರಲಿಲ್ಲ ಎಂದು ಅವರೆಲ್ಲರಿಗೂ ಗೊತ್ತಿತ್ತು.

ಆ ಕೇರಿಯ ಮರಿಯವ್ವನ ವಿಷಯಕ್ಕೆ ಬರುತ್ತೇನೆ. ಗಂಡ ಸತ್ತವಳು, ಆಗಲೇ ಐವತ್ತರ ಹತ್ತಿರ. ಬಾಣಂತನ ಮಾಡುವ ಕೈ. ನಮ್ಮ ಸಭೆ ಕೂಡುತ್ತಿದ್ದ ಗುಡಿಸಲು ದೇವಾಲಯದ ನೆಲವನ್ನು ಪ್ರತಿ ಶನಿವಾರ ಸಗಣಿಯಿಂದ ಸಾರಿಸುತ್ತಿದ್ದವಳು ಆಕೆಯೇ. ಇಳಿವಯಸ್ಸಿನಲ್ಲಿ ನನ್ನ ಹತ್ತಿರ ಅಕ್ಷರ ಕಲಿತಳು. ತಪ್ಪಾದರೆ ತನ್ನ ತಲೆಗೆ ತಾನೇ ಮೊಟಕಿಕೊಂಡು ನಗುತ್ತಿದ್ದಳು.

ಭೋಜನದ ರೊಟ್ಟಿ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಬಳ್ಳಾರಿಯ ದಂಡಿನ ಪ್ರದೇಶದ ಒಂದು ಬೇಕರಿಯಿಂದ ಬ್ರೆಡ್ಡು ತಂದು, ತಗಡಿನ ಡಬ್ಬಿಯಲ್ಲಿ ಹಾಕಿ, ಬೆಳ್ಳಿ ಬಟ್ಟಲು ಮತ್ತು ದ್ರಾಕ್ಷಿ ರಸದ ಶೀಸೆಯ ಜೊತೆ ಮರದ ಪೆಟ್ಟಿಗೆಯಲ್ಲಿಟ್ಟು, ಬಸ್ಸಿನಲ್ಲಿ ಸಿರುಗುಪ್ಪಕ್ಕೆ, ಅಲ್ಲಿಂದ ಎತ್ತಿನ ಬಂಡಿಯಲ್ಲಿ ದೇಶನೂರಿಗೆ ಸಾಗಿಸುತ್ತಿದ್ದೆವು. ಬೇಸಿಗೆಯಲ್ಲಿ ಅದು ಹೆಂಚಿನ ಚೂರಿನಂತಾಗುತ್ತಿತ್ತು. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿತ್ತು. ಒಮ್ಮೆ ಪಾದ್ರಿಗಳು ಪ್ರಾರ್ಥನೆ ಮುಗಿಸಿ ತಟ್ಟೆಯ ಬಟ್ಟೆ ಎತ್ತಿದರೆ ಬ್ರೆಡ್ಡಿನ ತುಂಬ ಕೆಂಪಿರುವೆ. ಅವರು ಏನೂ ಆಗದವರ ಹಾಗೆ ಬೆರಳಿನಿಂದ ಕೊಡವಿ, ಮುರಿದು ಹಂಚಿದರು. ಜನ ಇರುವೆ ಸಮೇತ ತಿಂದರು.

ಅಂದು ಎಲ್ಲ ಮುಗಿದ ಮೇಲೆ ಮರಿಯವ್ವ ಪಾದ್ರಿಗಳ ಮುಂದೆ ಬಂದು ನಿಂತಳು. "ಅಯ್ಯಗಾರೆ, ಅಷ್ಟು ದೂರಿಂದ ಯಾಕ ಹೊತ್ತು ತರ್ತೀರಿ? ಮುಂದಿನ ಸಲಕ್ಕ ನಾನು ಸ್ನಾನ ಮಾಡಿ, ಹೊಸ ಹಂಚಿನ್ಯಾಗ ಬಿಸಿ ರೊಟ್ಟಿ ಮಾಡಿ ಕೊಡ್ತೀನ್ರಿ. ನಮ್ಮ ಜೋಳದ ರೊಟ್ಟಿ ಕರ್ತನ ಮೇಜಿನ ಮ್ಯಾಲೆ ಒಂದ್ಸಲ ಇಟ್ಟು ನೋಡಬೇಕಂತ ಬಾಳ ಆಸಿ ಐತ್ರಿ."

ಪಾದ್ರಿಗಳು ನನ್ನ ಮುಖ ನೋಡಿದರು. ಉತ್ತರ ಕೊಟ್ಟವನು ನಾನು. ಭೋಜನಕ್ಕೆ ಗೋಧಿಯದೇ ಆಗಬೇಕು, ಅದು ಹಿಂದಿನಿಂದ ಬಂದ ಕ್ರಮ, ಜೋಳ ನಡೆಯುವುದಿಲ್ಲ ಎಂದು ಆ ಗಳಿಗೆಯಲ್ಲಿ ಹೊಳೆದ ಸುಳ್ಳನ್ನು ಹೇಳಿದೆ. ಆಕೆಯ ಕೈಯದ್ದನ್ನು ತಟ್ಟೆಯಲ್ಲಿಟ್ಟರೆ ನಾನೂ ಪಾದ್ರಿಗಳೂ ಅದನ್ನು ತಿನ್ನಬೇಕಾಗುತ್ತಿತ್ತು. ಇದ್ದ ಕಾರಣ ಅಷ್ಟೇ. ಮರಿಯವ್ವ "ಆಗ್ಲೇಳ್ರಿ" ಎಂದು ಕೈ ಮುಗಿದು ಹೋದಳು.

ಸ್ವಾತಂತ್ರ್ಯ ಬಂದ ಮರುವರ್ಷ ಸಿಲೋನಿನ ಒಂದು ಸಭೆಯಿಂದ ಕಾಗದ ಬಂತು. ಅಲ್ಲಿನ ಚಹಾ ತೋಟದಲ್ಲಿ ತೆಲುಗು ಆಡುವ ಕೂಲಿಯವರು ಕೆಲವರಿದ್ದಾರೆ, ಅವರ ಭಾಷೆಯಲ್ಲಿ ಹೇಳುವವರಿಲ್ಲ, ಯಾರನ್ನಾದರೂ ಕಳಿಸಿ ಎಂದು. ದೊಡ್ಡ ಪಾದ್ರಿಗಳು ಹೊರಟರು, ಪೆಟ್ಟಿಗೆ ಹೊರಲು ಮತ್ತು ಹಾಡಲು ನನ್ನನ್ನು ಜೊತೆಗೆ ಕರೆದುಕೊಂಡರು. ಗುಂತಕಲ್ಲು, ಮದರಾಸು, ಆಮೇಲೆ ರಾಮೇಶ್ವರದ ದಿಕ್ಕಿನ ರೈಲು. ಹಡಗು ಹತ್ತುವ ಮೊದಲು ಮಂಡಪಂ ಊರಿನ ರೋಗತಪಾಸಣೆಯ ಶಿಬಿರದಲ್ಲಿ ಕೂಲಿಗಳ ಸಾಲಿನಲ್ಲೇ ನಮ್ಮನ್ನೂ ನಿಲ್ಲಿಸಿ ಅಂಗಿ ಬಿಚ್ಚಿಸಿದರು. ಪಾದ್ರಿಗಳು ಇಂಗ್ಲಿಷಿನಲ್ಲಿ ವಾದಿಸಿದರು. ಅಲ್ಲಿನ ಅಧಿಕಾರಿ ತಲೆ ಎತ್ತದೆ ಸಾಲಿನ ಕಡೆ ಬೊಟ್ಟು ಮಾಡಿದ. ನನಗೆ ಒಳಗೊಳಗೇ ಖುಷಿಯಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ತೋಟ ಬೆಟ್ಟದ ಮೇಲಿತ್ತು. ಬಿಡದ ಮಳೆ, ಕಾಲಿಗೆ ಸಾಬೂನು ಹಚ್ಚಿಕೊಂಡರೂ ಬಿಡದ ಜಿಗಣೆ. ಕೂಲಿಯವರಿಗೆ ಒಂದೇ ಉದ್ದನೆಯ ಸೂರಿನ ಕೆಳಗೆ ಸಾಲು ಕೋಣೆಗಳು, ಒಂದು ಕೋಣೆಗೆ ಒಂದು ಸಂಸಾರ. ನಾವೂ ಅಂಥದೇ ಕೋಣೆಯಲ್ಲಿ ಎರಡು ತಿಂಗಳು ಇದ್ದೆವು. ಎರಡನೆಯ ಭಾನುವಾರ ಕರ್ತನ ಭೋಜನ ಇಟ್ಟುಕೊಂಡಿದ್ದೆವು. ಹಿಂದಿನ ದಿನ ಗುಡ್ಡ ಕುಸಿದು ದಾರಿ ಕಟ್ಟಾಯಿತು, ಪೇಟೆಯಿಂದ ಬ್ರೆಡ್ಡು ಬರಲಿಲ್ಲ. ಜನ ಬಂದು ಕೂತಿದ್ದಾರೆ, ತಟ್ಟೆ ಖಾಲಿ. ಆಗ ಪೋಲಮ್ಮ ಎಂಬ ಎಲೆ ಕೀಳುವ ಹೆಂಗಸು ಎದ್ದು ತೆಲುಗಿನಲ್ಲಿ, "ಅಯ್ಯಗಾರೂ, ಮಾ ಇಂಟ್ಲೋ ರೊಟ್ಟೆ ಉಂದಂಡಿ" ಎಂದಳು. ಅವರ ಮನೆಯಲ್ಲಿ ರೊಟ್ಟಿ ಇದೆಯಂತೆ. ಪಡಿತರದ ಹಿಟ್ಟಿಗೆ ತೆಂಗಿನ ತುರಿ ಕಲಸಿ ತಟ್ಟಿದ ರೊಟ್ಟಿ. ಆಕೆ ಯಾವ ಜಾತಿ ಎಂದು ಕೇಳುವ ಅಗತ್ಯವಿರಲಿಲ್ಲ, ನೋಡಿದರೆ ತಿಳಿಯುತ್ತಿತ್ತು. ಪಾದ್ರಿಗಳು ಒಂದು ಗಳಿಗೆಯೂ ತಡೆಯದೆ ಅದನ್ನು ತಟ್ಟೆಯಲ್ಲಿಟ್ಟು, ಪ್ರಾರ್ಥಿಸಿ, ಮುರಿದರು. ತಾವು ತಿಂದರು. ನನಗೆ ಕೊಟ್ಟರು. ನಾನೂ ತಿಂದೆ.

ಅಂದು ಸಂಜೆ ಪಾದ್ರಿಗಳು ಅತ್ತರು. ನಟನೆಯಲ್ಲ, ಮಗುವಿನ ಹಾಗೆ ಅತ್ತರು. "ಪೌಲಪ್ಪ, ಇಪ್ಪತ್ತು ವರ್ಷ ಪ್ರಸಂಗ ಮಾಡೀನಿ. ಶಿಷ್ಯ ಆಗೋದು ಅಂದ್ರ ಏನಂತ ಇವತ್ತು ತಿಳೀತು" ಎಂದರು. ನಾನು ಅದನ್ನು ದಿನಚರಿಯಲ್ಲಿ ಬರೆದುಕೊಂಡೆ. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು.

ಬಳ್ಳಾರಿಗೆ ಬಂದಾಗ ಹಾರ, ಸ್ವಾಗತ ಸಭೆ. ಹಳ್ಳಿಗಳಿಂದಲೂ ಜನ ಬಂದಿದ್ದರು. ಪಾದ್ರಿಗಳು ಶಿಷ್ಯತ್ವದ ಪಾಠಗಳು ಎಂದು ಮುಕ್ಕಾಲು ಗಂಟೆ ಮಾತಾಡಿ, ರೊಟ್ಟಿಯ ಪ್ರಸಂಗವನ್ನು ಹೇಳಲು ನನ್ನನ್ನು ಎಬ್ಬಿಸಿದರು. ನನಗೆ ಮಾತು ಬರುತ್ತಿತ್ತು. ಮಳೆ, ಖಾಲಿ ತಟ್ಟೆ, ಪೋಲಮ್ಮನ ನಡುಗುವ ಕೈ, ಎಲ್ಲವನ್ನೂ ಬಣ್ಣಿಸಿದೆ. ಅವಳ ಕೈ ನಡುಗಿರಲಿಲ್ಲ, ಅದನ್ನು ನಾನೇ ಸೇರಿಸಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ರೊಟ್ಟಿಗಿಂತ ಪವಿತ್ರವಾದದ್ದನ್ನು ನಾನು ಬಾಳಿನಲ್ಲಿ ತಿಂದಿಲ್ಲ ಎಂದು ಹೇಳಿ ಕೂತೆ.

ಹಿಂದಿನ ಸಾಲಿನಿಂದ ಮರಿಯವ್ವ ಎದ್ದು ನಿಂತಳು. ದೇಶನೂರಿನಿಂದ ಸಿರುಗುಪ್ಪದವರೆಗೆ ನಡೆದು, ಬಸ್ಸು ಹಿಡಿದು ಬಂದಿದ್ದಳು. "ಉಪದೇಶಪ್ಪಾರೆ, ಕೇಳಿ ಬಾಳ ಸಂತೋಷ ಆತ್ರಿ. ಗೋಧೀದ ಆಗಬೇಕು ಅಂತಿದ್ರಿ, ಅಲ್ಲಿ ತೆಂಗಿನಕಾಯಿ ರೊಟ್ಟಿ ನಡದೈತಿ. ಹಂಗಾರ ಮುಂದಿನ ಭೋಜನಕ್ಕ ನನ್ನ ರೊಟ್ಟಿ ಇಡ್ತೀರೇನ್ರಿ?"

ಆಕೆಯ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿ ಸಂತೋಷಪಟ್ಟು ಕೇಳಿದ್ದಳು. ಪಾದ್ರಿಗಳು ಮುಗುಳ್ನಕ್ಕು, "ನೋಡೂಣಮ್ಮ, ಕಮಿಟಿಯಾಗ ಇಡೂಣು" ಎಂದು ಹಾಡು ಎತ್ತಿಸಿದರು.

ಕಮಿಟಿ ಬೇಡವೆಂದಿತು. ಶುಚಿತ್ವದ ಕಾರಣ, ರೊಟ್ಟಿ ಬೇಕರಿಯದೇ ಆಗಬೇಕು ಎಂದು ಗೊತ್ತುವಳಿ ಬರೆಯಿತು. ಇರುವೆ ಹತ್ತಿದ ಬ್ರೆಡ್ಡು ಶುಚಿ, ಸ್ನಾನ ಮಾಡಿ ಹೊಸ ಹಂಚಿನಲ್ಲಿ ಸುಟ್ಟ ರೊಟ್ಟಿ ಅಶುಚಿ. ನಾನು ಪಾದ್ರಿಗಳ ಮನೆಗೆ ಹೋಗಿ ಸಿಲೋನಿನ ಮಾತು ತೆಗೆದೆ.

"ಅದು ಪರದೇಶ, ಪೌಲಪ್ಪ. ಅಲ್ಲಿ ನಮ್ಮನ್ನ ಯಾರು ನೋಡ್ತಾರು? ಇಲ್ಲಿ ಸಿರುಗುಪ್ಪದ ಎರಡು ದೊಡ್ಡ ಮನೆತನದವರು ಈಗ ಹತ್ರ ಬರಾಕ ಹತ್ತ್ಯಾರ. ಇಂಥಾ ಹೊತ್ತಿನ್ಯಾಗ ಕೇರಿ ರೊಟ್ಟಿ ಮೇಜಿನ ಮ್ಯಾಲೆ ಇಟ್ರ ಅವರು ಹೊಳ್ಳಿ ಹೋಗ್ತಾರು."

"ನೀವು ಅವತ್ತು ಅತ್ತಿದ್ರಿ, ಅಯ್ಯಗಾರೆ" ಎಂದೆ.

"ಅತ್ತಿದ್ದು ಖರೇ. ಆದ್ರ ಕೆಲಸ ನಡಸೋದು ಬ್ಯಾರೆ."

ಆ ಮನುಷ್ಯನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅವರು ಕೆಟ್ಟವರಾಗಿದ್ದರೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ತಿಳಿದಿತ್ತು, ತಿಳಿದೂ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು.

ಕಮಿಟಿಯ ತೀರ್ಮಾನ ಹೇಳಲು ದೇಶನೂರಿಗೆ ಹೋದೆ. ಹೇಳಿದ ಮೇಲೆ ನಾಚಿಕೆಯಿಂದ, "ಮರಿಯವ್ವ, ಇವತ್ತು ನಿಮ್ಮ ಮನ್ಯಾಗ ಉಣ್ತೀನಿ" ಎಂದೆ. ಅದರಿಂದ ಲೆಕ್ಕ ಸರಿಹೋಗುತ್ತದೆ ಎಂದುಕೊಂಡಿದ್ದೆನೋ ಏನೋ. ಆಕೆ ಚಾಪೆ ಹಾಸಿದಳು. ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಬಾಗಿಲಲ್ಲಿ ಜನ ನೆರೆದರು. ಒಬ್ಬ ಮುದುಕ, "ಹೊಟ್ಟಿ ಸರಿ ಆತೇನ್ರಿ, ಉಪದೇಶಪ್ಪ?" ಎಂದು ಕೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಮರಿಯವ್ವ ನಗಲಿಲ್ಲ. ಎರಡನೆಯ ರೊಟ್ಟಿ ಹಾಕುತ್ತ ಮೆಲ್ಲಗೆ ಹೇಳಿದಳು: "ಮನಿಗೆ ಬಂದವರಿಗೆ ಯಾರಾದ್ರೂ ಉಣ್ಣಾಕ ಹಾಕ್ತಾರ್ರಿ. ನಾನು ಕೇಳಿದ್ದು ಇದಲ್ಲ. ಮೇಜಿನ ಮ್ಯಾಲೆ ಇಡ್ರಿ ಅಂತ ಕೇಳೀನಿ."

ಮುಂದಿನ ಭೋಜನದ ದಿನ ಪಾದ್ರಿಗಳು ಪೆಟ್ಟಿಗೆಯೊಡನೆ ದೇಶನೂರಿಗೆ ಬಂದರು. ಮೇಜು ಒರೆಸಿದೆ, ಬಟ್ಟೆ ಹಾಸಿದೆ. ತಗಡಿನ ಡಬ್ಬಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಮರಿಯವ್ವನ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಮುಚ್ಚಿದೆ. ಆಕೆಗೆ ಮಾತ್ರ ಮೊದಲೇ ಹೇಳಿದ್ದೆ. ಪಾದ್ರಿಗಳು ಪ್ರಾರ್ಥನೆ ಮುಗಿಸಿ ಬಟ್ಟೆ ಎತ್ತಿದರು. ಒಂದು ಗಳಿಗೆ ನೋಡಿದರು. ಮತ್ತೆ ಮುಚ್ಚಿದರು.

"ಡಬ್ಬಿ ತಗಿ, ಪೌಲಪ್ಪ."

"ರೊಟ್ಟಿ ತಟ್ಟ್ಯಾಗ ಐತ್ರಿ, ಅಯ್ಯಗಾರೆ."

"ತಗಿ ಅಂದೆ."

ನಾನು ಅಲ್ಲಾಡಲಿಲ್ಲ. ಅವರು ನಿಲುವಂಗಿ ಕಳಚಿ ಮಡಚಿ, ಈ ದಿನ ಭೋಜನ ಇಲ್ಲ ಎಂದು ಹೇಳಿ, ಹೊರಗೆ ಹೋಗಿ ಬಂಡಿ ಹತ್ತಿದರು. ಒಳಗೆ ನಲವತ್ತು ಜನ ಕೂತಿದ್ದರು. ಮರಿಯವ್ವ ನನ್ನ ಕಡೆ ನೋಡಿ, "ನೀವ ಮುರೀರಿ" ಎಂದಳು. ನನಗೆ ಅಧಿಕಾರವಿಲ್ಲ ಎಂದೆ. "ಹಂಗಾರ ನಾವು ಎದ್ದು ಹೋಗೂಣೇನ್ರಿ?" ಎಂದು ಕೇಳಿದಳು. ಮುರಿದೆ. ನನಗೆ ಬಾಯಿಪಾಠವಾಗಿದ್ದ ಮಾತುಗಳನ್ನು ಹೇಳುತ್ತ ಎಲ್ಲರಿಗೂ ಹಂಚಿದೆ. ಕೊನೆಯ ತುಣುಕು ನಾನು ತಿಂದೆ. ನನ್ನ ಇಡೀ ಕೆಲಸದ ಅವಧಿಯಲ್ಲಿ ನಾನು ಶಿಷ್ಯನಾಗಿದ್ದದ್ದು ಆ ಅರ್ಧ ಗಂಟೆ.

ಕಮಿಟಿ ನನ್ನನ್ನು ಕೆಲಸದಿಂದ ನಿಲ್ಲಿಸಿತು. ತಿಂಗಳೊಳಗೆ ಮಿಷನ್ ಮನೆ ಖಾಲಿ ಮಾಡಬೇಕು ಎಂದು ನೋಟೀಸು ಬಂತು. ಮನೆಯಲ್ಲಿ ಎರಡು ಸಣ್ಣ ಮಕ್ಕಳು, ಹೆಂಡತಿ ಮತ್ತೆ ಬಸುರಿ. ಅವಳು ಬೈಯಲಿಲ್ಲ. "ನೀವು ಮಾಡಿದ್ದು ತಪ್ಪಲ್ಲ, ನನಗೂ ಗೊತ್ತೈತಿ. ಆದ್ರ ಎಲ್ಲಿಗೆ ಹೋಗೂಣು, ಕುರುಗೋಡಿಗೇನು?" ಎಂದಳು. ನಾನು ಬಳ್ಳಾರಿಗೆ ಹೋದೆ.

ಪಾದ್ರಿಗಳು ಬರೆದಿಟ್ಟ ಕ್ಷಮಾಪಣೆಯ ಕಾಗದ ಸಿದ್ಧವಾಗಿತ್ತು. ಅಶುಚಿಯಾದ ರೊಟ್ಟಿಯನ್ನು ಅಧಿಕಾರವಿಲ್ಲದೆ ಹಂಚಿದ್ದಕ್ಕೆ ಪಶ್ಚಾತ್ತಾಪಪಡುತ್ತೇನೆ ಎಂಬ ಒಂದೇ ವಾಕ್ಯ. ಅಧಿಕಾರವಿಲ್ಲದೆ ಎಂಬುದಕ್ಕೆ ನನ್ನ ತಕರಾರಿಲ್ಲ, ಅಶುಚಿಯಾದ ಎಂಬ ಒಂದು ಮಾತನ್ನು ಮಾತ್ರ ಹೊಡೆದು ಹಾಕಿ ಎಂದು ಬೇಡಿಕೊಂಡೆ. ಕಾಲು ಹಿಡಿದೆ ಎಂದರೂ ಸರಿ. ಅವರು, "ಆ ಮಾತಿಗೋಸ್ಕರನ ಈ ಕಾಗದ, ಪೌಲಪ್ಪ" ಎಂದು ಪೆನ್ನು ಮುಂದಿಟ್ಟರು. ಸಹಿ ಮಾಡಿದೆ. ಅದನ್ನು ದೇಶನೂರಿನಲ್ಲಿ ಸಭೆಯ ಮುಂದೆ ನಾನೇ ಓದಬೇಕು ಎಂಬುದು ಆಮೇಲೆ ತಿಳಿಯಿತು.

ಓದಿದೆ. ಮರಿಯವ್ವ ಹಿಂದಿನ ದಿನವಷ್ಟೇ ಸಾರಿಸಿದ ನೆಲ ಇನ್ನೂ ತಂಪಾಗಿತ್ತು. ಆ ಮಾತು ಬಂದಾಗ ನನ್ನ ದನಿ ಕುಗ್ಗಿತು. ಪಾದ್ರಿಗಳು, "ಹಿಂದಿನವರಿಗೆ ಕೇಳಸ್ಲಿಲ್ಲ" ಎಂದರು. ಮತ್ತೊಮ್ಮೆ, ಗಟ್ಟಿಯಾಗಿ ಓದಿದೆ. ಆಮೇಲೆ ಅವರು ಬೇಕರಿಯ ಬ್ರೆಡ್ಡು ಮುರಿದು, ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಸಾಲಿನ ಉದ್ದಕ್ಕೂ ಹಿಡಿಯುತ್ತ ಹೋದೆ. ಕೆಲವರು ತೆಗೆದುಕೊಂಡರು, ಕೆಲವರು ಬೇರೆ ಕಡೆ ನೋಡಿದರು. ಮರಿಯವ್ವನ ಮುಂದೆ ಬಂದಾಗ, ಆಕೆ ತಟ್ಟೆಯನ್ನು ನೂಕಲಿ, ನನ್ನ ಮುಖಕ್ಕೆ ಉಗುಳಲಿ ಎಂದು ದೇವರನ್ನು ಬೇಡಿಕೊಂಡೆ.

ಆಕೆ ಒಂದು ತುಣುಕು ತೆಗೆದುಕೊಂಡಳು. ನನಗಷ್ಟೇ ಕೇಳುವ ಹಾಗೆ, "ಇರ್ಲಿ ಬಿಡ್ರಿ. ನೀವೂ ಬದುಕಬೇಕಲ್ಲ" ಎಂದಳು. ಅದನ್ನು ಬಾಯಿಗೆ ಹಾಕಿಕೊಂಡು, ಪಕ್ಕದವಳಿಗೆ ತಟ್ಟೆ ಸಿಗಲೆಂದು ಸ್ವಲ್ಪ ಹಿಂದೆ ಸರಿದು ಕೂತಳು.